ಸೀನಮಾವನ ಶಕಪುರುಷರು

ಒಂಟಿಕೊಪ್ಪಲ್ ಪಂಚಾಂಗ ಸೀನಮಾವನ ಮನೆಯ ಗೋಡೆಯಲ್ಲೂ ನೇತಾಡುತ್ತದೆ, ಆದರೆ ಅದನ್ನು ನೋಡುವುದು ಅತ್ತೆಯ ಇಲಾಖೆ. ಪ್ರಭವ, ವಿಭವ ಎಂಬ ಅರವತ್ತು ಸಂವತ್ಸರಗಳು ಮಾವನ ಲೆಕ್ಕದಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್, ಬ್ಲ್ಯಾಕ್ ಅಂಡ್ ವೈಟ್, ಕಲರ್, ಮೊಬೈಲ್ ಎಂದು ಐದಕ್ಕೆ ಇಳಿದಿವೆ. ರಾಜಾಜಿನಗರದಲ್ಲಿ ಇಂಥವರು ಬೀದಿಗೊಬ್ಬರಾದರೂ ಇದ್ದಾರು. ನಮ್ಮ ಪಾಲಿಗೆ ಬಂದವರು ಇವರು.

"ಮಾವ, ಅಜ್ಜಿ ತೀರಿಕೊಂಡದ್ದು ಯಾವ ವರ್ಷ?" ಎಂದು ಕೇಳಿ ನೋಡಿ.

"ಅಮ್ಮ ಬ್ಲ್ಯಾಕ್ ಅಂಡ್ ವೈಟಲ್ಲೇ ಹೋದ್ಲು ಕಣೋ, ಪಾಪ. ಇನ್ನಾರು ತಿಂಗಳು ಇದ್ದಿದ್ರೆ ಕಲರ್ ನೋಡ್ತಿದ್ಲು."

ಅವರ ಮೊದಲ ಆಸ್ತಿ ಮರ್ಫಿ ರೇಡಿಯೋ. ಆಗ ರೇಡಿಯೋಗೂ ಲೈಸೆನ್ಸ್ ಬೇಕಿತ್ತು. ವರ್ಷವರ್ಷ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ, ಪುಸ್ತಕದಲ್ಲಿ ಮೊಹರು ಒತ್ತಿಸಿಕೊಂಡು ಬರಬೇಕು. ಮಾವ ಆ ದಿನ ಇಸ್ತ್ರಿ ಮಾಡಿದ ಷರಟು ಹಾಕುತ್ತಿದ್ದರು. ಕಾರಿಲ್ಲ, ಕೋವಿಯಿಲ್ಲ, ಸರ್ಕಾರ ಅವರನ್ನು ನಂಬಿ ಕೊಟ್ಟ ಲೈಸೆನ್ಸ್ ಅಂದರೆ ಅದೊಂದೇ. ಎಂಬತ್ತರ ದಶಕದಲ್ಲಿ ಅದು ರದ್ದಾದಾಗ ಊರೆಲ್ಲ ಖುಷಿಪಟ್ಟರೆ ಇವರು ಒಂದು ವಾರ ಮಂಕಾಗಿದ್ದರಂತೆ. ಮಗಳು ಹುಟ್ಟಿದ ವೇಳೆಯನ್ನೂ ಜೋಯಿಸರಿಗೆ ಹೇಳಿದ್ದು "ಪ್ರದೇಶ ಸಮಾಚಾರ ಮುಗೀತಾ ಇತ್ತು" ಎಂದೇ. ಜೋಯಿಸರು ಮರುಮಾತಿಲ್ಲದೆ ಜಾತಕ ಬರೆದುಕೊಟ್ಟರು. ಅವರ ಮನೆಯಲ್ಲೂ ಮರ್ಫಿಯೇ ಇದ್ದಿರಬೇಕು.

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಶುರುವಾಯಿತು. ಮಾವನ ಬಾಯಲ್ಲಿ ಆ ತಾರೀಖು ರಾಜ್ಯೋತ್ಸವವಾಗಿ ಬಂದದ್ದನ್ನು ನಾನು ಕೇಳಿಲ್ಲ. ವಠಾರಕ್ಕೆ ಮೊದಲ ಟಿವಿ ಬಂದದ್ದು ಅವರ ಮನೆಗೇ. ಮರದ ಪೆಟ್ಟಿಗೆ, ಎರಡು ಕಡೆಯಿಂದ ಎಳೆದು ಮುಚ್ಚುವ ಷಟರ್, ಅದಕ್ಕೊಂದು ಬೀಗ, ಬೀಗದ ಕೈ ಜನಿವಾರದಲ್ಲಿ. ಮೇಲೆ ಅತ್ತೆ ಹೆಣೆದ ಕ್ರೋಶಾ ಹೊದಿಕೆ, ಅದರ ಮೇಲೆ ಕತ್ತು ಅಲ್ಲಾಡಿಸುವ ತಂಜಾವೂರು ಬೊಂಬೆ. 1987ರಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಶುರುವಾದ ಮೇಲಂತೂ ಬಾಗಿಲಲ್ಲಿ ಚಪ್ಪಲಿ ಇಡಲು ಜಾಗವಿರುತ್ತಿರಲಿಲ್ಲ. ಮಾವ ಸ್ನಾನ ಮುಗಿಸಿ, ಗರ್ಭಗುಡಿಯ ಪರದೆ ಸರಿಸುವ ಅರ್ಚಕರ ಹಾಗೆ ಷಟರ್ ಸರಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಯಾರು, ಬಾಗಿಲ ಹತ್ತಿರ ಯಾರು ಎಂಬುದೂ ಅವರದೇ ತೀರ್ಮಾನ. ನೀರಿನ ಸರದಿಯಲ್ಲಿ ಅತ್ತೆಯ ಜೊತೆ ಜಗಳ ಕಾದವರಿಗೆ ಕಿಟಕಿಯ ಹೊರಗಿನಿಂದಲೇ ರಾಮದರ್ಶನ. ನಡುವೆ ಕರೆಂಟು ಹೋದರೆ ಮಾತ್ರ ಅಷ್ಟೂ ಜನ ತಿರುಗಿ ಮಾವನ ಮುಖ ನೋಡುತ್ತಿದ್ದರು, ಫ್ಯೂಸು ಕಿತ್ತವರು ಇವರೇ ಏನೋ ಎಂಬಂತೆ.

ಅತ್ತೆಯ ಇತಿಹಾಸ ಬೇರೆ. "ಟಿವಿ ಅಂದ್ರೆ ನನ್ನ ಎರಡೆಳೆ ಸರ," ಎನ್ನುತ್ತಾರೆ. "ಟೇಪ್‌ರೆಕಾರ್ಡರ್ ಅಂದ್ರೆ ಚೀಟಿ ದುಡ್ಡು. ಮಿಕ್ಸಿ ಮಾತ್ರ ನಮ್ಮಪ್ಪ ಕೊಡಿಸಿದ್ದು, ಅದು ನಿಮ್ಮ ಮಾವಂಗೆ ನೆನಪೇ ಇರಲ್ಲ." ನಿಜ, ಮಾವನ ಶಕಪುರುಷರ ಪಟ್ಟಿಯಲ್ಲಿ ಅಡುಗೆಮನೆಯ ಯಾವ ಸಾಮಾನಿಗೂ ಜಾಗವಿಲ್ಲ.

ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದದ್ದು ಎಲ್ಲರ ಮನೆಯ ಕಥೆ, ಬಿಡಿ. ನನ್ನ ತಮ್ಮನ ಮದುವೆ ಅವರ ಪ್ರಕಾರ "ನಂಬರಿನ ಮುಂದೆ 2 ಸೇರಿಸಿದ ವರ್ಷ". ಆಮೇಲೆ ನೋಕಿಯಾ 1100 ಬಂತು. ಅದರ ನೆತ್ತಿಯ ಟಾರ್ಚಿಗೆ ಮಾವ ಸಂಪೂರ್ಣ ಶರಣಾದರು. ಮಾತಾಡಿದ್ದಕ್ಕಿಂತ ಮೀಟರ್ ಬೋರ್ಡಿಗೆ ಬೆಳಕು ಬಿಟ್ಟದ್ದೇ ಹೆಚ್ಚು. ಒಳಬರುವ ಕರೆಗೆ ದುಡ್ಡು ಹೋಗುತ್ತಿದ್ದ ಕಾಲ ಆಗಲೇ ಮುಗಿದಿತ್ತು. ಆದರೂ ಅವರು ಫೋನೆತ್ತಿದರೆ "ಹ್ಞೂಂ, ಬೇಗ ಹೇಳು" ಎಂದೇ ಶುರು. ಈಗಲೂ ಅಷ್ಟೆ.

ಅವರ ಅಟ್ಟದಲ್ಲಿ ಅಷ್ಟೂ ಸಾಮಾನಿನ ಖಾಲಿ ಡಬ್ಬಗಳಿವೆ. ಒಳಗೆ ಥರ್ಮಾಕೋಲ್, ವಾರಂಟಿ ಕಾರ್ಡು, ಅಂಗಡಿ ರಸೀದಿ. ಸಾಮಾನು ಯಾವತ್ತೋ ಗುಜರಿಗೆ ಹೋಗಿದೆ. ಡಬ್ಬ ಎಸೆಯೋಣ ಎಂದರೆ, "ಮನೆ ಬದಲಾಯಿಸುವಾಗ ಬೇಕಾಗತ್ತೆ." ಸ್ವಂತ ಮನೆ ಕಟ್ಟಿಸಿದ್ದಾರೆ, ಬದಲಾಯಿಸುವುದು ಎಲ್ಲಿಗೆ?

ಮೊನ್ನೆ ಮದುವೆ ನೋಂದಣಿಯ ಅರ್ಜಿ ತುಂಬಿಸಲು ನನ್ನನ್ನು ಕರೆಸಿದರು. ಮಗಳು ಹೊರದೇಶಕ್ಕೆ ಕರೆಸಿಕೊಳ್ಳುತ್ತಿದ್ದಾಳೆ, ಸರ್ಟಿಫಿಕೇಟ್ ಬೇಕಂತೆ.

"ಮದುವೆಯ ದಿನಾಂಕ?" ಎಂದೆ.

"ನಮ್ಮ ಮಾವನವರು ಎಚ್‌ಎಂಟಿ ಜನತಾ ವಾಚು ಕಟ್ಟಿದ ದಿನ," ಎಂದರು, ಖಾಲಿ ಮಣಿಕಟ್ಟು ಸವರಿಕೊಳ್ಳುತ್ತ.

ಒಳಗಿನಿಂದ ಅತ್ತೆ ಬಂದರು. "ಕೀ ಕೊಡೋದು ಬಿಟ್ರು, ವಾಚು ನಿಂತ್ಕೊಳ್ತು. ನನಗೆ ಯಾರೂ ಕೀ ಕೊಟ್ಟಿಲ್ಲ, ಇನ್ನೂ ಓಡ್ತಾನೇ ಇದೀನಿ. ಬರ್ಕೊಳಪ್ಪ, 1976, ಮೇ 9, ಭಾನುವಾರ."

ಮಾವ ತಲೆತಗ್ಗಿಸಿಯಾರು ಅಂದುಕೊಂಡೆ. ಅವರು ನನ್ನ ಕೈಲಿದ್ದ ಮೊಬೈಲನ್ನೇ ನೋಡುತ್ತಿದ್ದರು. "ಅರ್ಜಿ ಈಗ ಆನ್‌ಲೈನಲ್ಲೇ ಹಾಕಬಹುದಂತಲ್ಲೋ," ಎಂದು ದನಿ ತಗ್ಗಿಸಿ ಕೇಳಿದರು, "ನನ್ನ ಫೋನಲ್ಲಿ ಆಗತ್ತಾ, ಇಲ್ಲ ಹೊಸದೇ ಬೇಕಾ?"