ಪರ್ಮಿಟ್ ಇಲ್ಲದ ಶುಕ್ರವಾರ

ಮಸ್ಕತ್ತಿನಿಂದ ಸುಮಾರು 550 ಕಿಲೋಮೀಟರ್ ದೂರದ ದುಕ್ಮ್, ಒಂದು ಕಾಲಕ್ಕೆ ಮೀನುಗಾರರ ಊರು. 2011ರಲ್ಲಿ ವಿಶೇಷ ಆರ್ಥಿಕ ವಲಯವಾಯಿತು. ಈಗ ಅಲ್ಲಿ ಬಂದರಿದೆ, ಹಡಗು ರಿಪೇರಿಯ ಡ್ರೈ ಡಾಕ್ ಇದೆ, ದಿನಕ್ಕೆ 2,30,000 ಬ್ಯಾರೆಲ್ ಕಚ್ಚಾ ತೈಲ ಸಂಸ್ಕರಿಸುವ ರಿಫೈನರಿ ಇದೆ. ಇಷ್ಟೆಲ್ಲ ಇರುವಲ್ಲಿ ನಮ್ಮ ಕರಾವಳಿಯ ಇಂಜಿನಿಯರ್ ಇರದಿರುತ್ತಾನೆಯೆ? ಅವರಲ್ಲಿ ಒಂದು ಮಾದರಿಯವರನ್ನು ರಾಯರು ಎನ್ನೋಣ. ಶೆಟ್ರು, ಕಾಮತರು, ಡಿಸೋಜರು ಅಂದರೂ ಬಾಧಕವಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿತೋ, ರಾಯರು ಶುಕ್ರವಾರದ ರಜೆಗೆ ಕಾದು, ಲುಂಗಿ ಎತ್ತಿ ಕಟ್ಟಿ, ಸ್ಪ್ಯಾನರ್ ಹಿಡಿದು ಸಿಂಕಿನ ಮುಂದೆ ನಿಲ್ಲುತ್ತಾರೆ. ಜನ ಇದನ್ನು ಜಿಪುಣತನ ಎನ್ನುತ್ತಾರೆ. ಅದು ಅನ್ಯಾಯ. ಮನೆ ಕಂಪನಿಯದು, ರಿಪೇರಿಯೂ ಕಂಪನಿಯದೇ, ಫೋನ್ ಮಾಡಿದರೆ ಆಳು ಬರುತ್ತಾನೆ. ಪುಕ್ಕಟೆ ಆಗುವ ಕೆಲಸದಲ್ಲಿ ಯಾರೂ ದುಡ್ಡು ಉಳಿಸಲಾರರು.

ಹಾಗಾದರೆ ನೀರಿನ ಕಾಳಜಿಯೆ? ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಒಮಾನಿನ ಕರಾವಳಿಯಲ್ಲಿ ಕುಡಿಯುವ ನೀರೆಂದರೆ ಬಹುಪಾಲು ಉಪ್ಪು ತೆಗೆದ ಸಮುದ್ರದ ನೀರು. ಪ್ರತಿ ಲೀಟರಿನ ಹಿಂದೆ ಕರೆಂಟಿನ ಖರ್ಚಿದೆ. ಹನಿಯೊಂದಕ್ಕೆ ಕಾಲು ಮಿಲಿಲೀಟರ್ ಹಿಡಿದರೆ, ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 21 ಲೀಟರಿಗೂ ಹೆಚ್ಚು ಹೋಗುತ್ತದೆ. ಈ ಲೆಕ್ಕವನ್ನು ರಾಯರೇ ಊಟದ ತಟ್ಟೆಯ ಮುಂದೆ ಹೇಳುತ್ತಾರೆ. ಆದರೆ ಹೀಗೆ ಹೇಳುವವರು ಸಿಂಕಿನ ಕೆಳಗಿನ ಆಂಗಲ್ ಕಾಕ್ ತಿರುಗಿಸಿ ನೀರು ನಿಲ್ಲಿಸದೆ ನಲ್ಲಿಯ ತಲೆ ಬಿಚ್ಚುತ್ತಾರಲ್ಲ! ವಾರದ ಹನಿ ಅರ್ಧ ಗಂಟೆಯಲ್ಲಿ ಅಡುಗೆಮನೆಯ ನೆಲಕ್ಕೆ ಬಂದು ಸೇರುತ್ತದೆ. ನೀರಿನ ವಾದವೂ ಅಲ್ಲೇ ತೇಲಿಹೋಗುತ್ತದೆ.

ನನಗೆ ಕಾಣುವ ಕಾರಣ ಬೇರೆ. ಪ್ಲಾಂಟಿನಲ್ಲಿ ರಾಯರು ಒಂದು ನಟ್ಟನ್ನೂ ಮುಟ್ಟುವಂತಿಲ್ಲ. ವಾಲ್ವ್ ಬಿಚ್ಚಬೇಕಾದರೆ ಮೊದಲು ವರ್ಕ್ ಪರ್ಮಿಟ್; ಲೈನ್ ಬಂದ್ ಮಾಡಿ, ಬೀಗ ಜಡಿದು, ಕೆಂಪು ಟ್ಯಾಗ್ ಕಟ್ಟಬೇಕು; ಗ್ಯಾಸ್ ಪರೀಕ್ಷೆ ಆಗಬೇಕು; ಕೆಲಸಗಾರರನ್ನು ನಿಲ್ಲಿಸಿಕೊಂಡು ಅಪಾಯಗಳನ್ನು ವಿವರಿಸಬೇಕು. ಇಷ್ಟಾದ ಮೇಲೂ ಸ್ಪ್ಯಾನರ್ ಹಿಡಿಯುವವನು ಬೇರೆಯವನು, ರಾಯರ ಪಾಲಿಗೆ ಬರೀ ಸಹಿ. ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಓದಿದ ಮನುಷ್ಯ ವರ್ಷಗಟ್ಟಲೆ ಪೆನ್ನು ಮಾತ್ರ ತಿರುಗಿಸಿದರೆ ಕೈ ತುರಿಸದಿರುತ್ತದೆಯೆ? ಮನೆಯ ನಲ್ಲಿಗೆ ಪರ್ಮಿಟ್ ಬೇಡ. ಲೈನ್ ಬಂದ್ ಮಾಡುವುದನ್ನು ಅವರು ಮರೆಯುವುದೂ ಅದಕ್ಕೇ: ಅದನ್ನು ನೆನಪಿಸುವ ಫಾರಂ ಅಲ್ಲಿಲ್ಲ.

ಇಂಜಿನಿಯರ್ ತಾನೆ, ಮಾಡಿದರೆ ಚೆನ್ನಾಗಿಯೇ ಮಾಡುತ್ತಾರೆ ಎನ್ನುವವರಿದ್ದಾರೆ. ಅವರು ಟೆಫ್ಲಾನ್ ಟೇಪನ್ನು ಗಮನಿಸಬೇಕು. ಬಾಯಿಂದ ಹನಿಯುವ ಹಳೇ ಮಾದರಿಯ ನಲ್ಲಿಯಲ್ಲಿ ಸವೆದಿರುವುದು ಸ್ಪಿಂಡಲಿನ ತುದಿಯ ರಬ್ಬರ್ ವಾಷರ್, ಇಲ್ಲವೇ ಅದು ಕೂರುವ ಹಿತ್ತಾಳೆಯ ಸೀಟು. ಮರಳಿನ ಒಂದು ಕಾಳು ನಡುವೆ ಸಿಕ್ಕಿಕೊಂಡರೂ ಸಾಕು; ಹನಿ ನಿಲ್ಲಲೆಂದು ಇನ್ನಷ್ಟು ಬಿಗಿಮಾಡಿದಷ್ಟೂ ವಾಷರ್ ಕತ್ತರಿಸಿಹೋಗುತ್ತದೆ. ಟೇಪು ಸುತ್ತುವುದು ಹೊರಗಿನ ಥ್ರೆಡ್ಡಿಗೆ, ಒಳಗಿನ ಸೋರಿಕೆಗೂ ಅದಕ್ಕೂ ಸಂಬಂಧವಿಲ್ಲ. ರಾಯರಿಗೆ ಇದು ಗೊತ್ತಿಲ್ಲವೆಂದಲ್ಲ. ಪ್ಲಾಂಟಿನಲ್ಲಾಗಿದ್ದರೆ, “ವಾಲ್ವ್ ಪಾಸ್ ಆಗ್ತಾ ಇದೆ, ಸೀಟ್ ನೋಡಿ” ಎಂದು ಕೂತಲ್ಲೇ ಹೇಳುತ್ತಿದ್ದರು. ಮನೆಯಲ್ಲಿ ಟೇಪು ಸುತ್ತುತ್ತಾರೆ, ಏಕೆಂದರೆ ಟೇಪು ಸುತ್ತಿದ್ದು ಕಾಣುತ್ತದೆ. ಎರಡನೇ ಶುಕ್ರವಾರದ ಹೊತ್ತಿಗೆ ನಲ್ಲಿಯ ಕುತ್ತಿಗೆಗೆ ಬಿಳಿ ಪಟ್ಟಿ ಕಟ್ಟಿರುತ್ತದೆ, ಹನಿ ಮಾತ್ರ ತನ್ನ ಪಾಡಿಗೆ ಬೀಳುತ್ತಿರುತ್ತದೆ.

“ರೀ, ಮೈಂಟೆನೆನ್ಸಿನವರಿಗೆ ಒಂದು ಫೋನ್ ಮಾಡ್ಬಾರ್ದೇ?” ಎಂದು ಮನೆಯವರು ಕೇಳುವುದು ಆಮೇಲೆ. ಬಂದ ಹುಡುಗ ಮೊದಲು ಆಂಗಲ್ ಕಾಕ್ ಮುಚ್ಚುತ್ತಾನೆ, ವಾಷರ್ ಬದಲಿಸುತ್ತಾನೆ, ಟೇಪನ್ನೆಲ್ಲ ಬಿಚ್ಚಿ ಕಸದ ಬುಟ್ಟಿಗೆ ಹಾಕುತ್ತಾನೆ. ರಾಯರು ಟಾರ್ಚ್ ಹಿಡಿದು ಸಲಹೆ ಕೊಡುತ್ತಿರುತ್ತಾರೆ. ಕೆಲಸ ಮುಗಿದ ಚೀಟಿ ಮುಂದೆ ಬಂದಾಗ ಸಹಿ ಹಾಕಿ, ಷರಾ ಜಾಗದಲ್ಲಿ ಬರೆಯುತ್ತಾರೆ: ನಲ್ಲಿಯ ತಯಾರಿಕೆಯಲ್ಲೇ ದೋಷವಿತ್ತು.