ಮಟ್ಟಿ, ಮೇಷ್ಟ್ರು ಮತ್ತು ಮಲ್ಲವಿನೋದ

ಕಬ್ಬು, ರಾಜಕೀಯ, ಕುಸ್ತಿ: ಈ ಮೂರರ ಬಗ್ಗೆ ಅಭಿಪ್ರಾಯವಿಲ್ಲದ ಗಂಡಸು ನಮ್ಮ ಮಂಡ್ಯದ ಕಡೆ ಸಿಗುವುದು ಕಷ್ಟ. ಕುಸ್ತಿ ಆಡಿದವರು ಕಡಿಮೆ, ಆಡಿಸುವವರು ಊರು ತುಂಬ. ಜಾತ್ರೆಯಲ್ಲಿ ಅಖಾಡದ ಸುತ್ತ ನಿಂತು ‘ಕಾಲಿಗ್ ಹಾಕ್ಲಾ, ಕಾಲಿಗ್ ಹಾಕು’ ಎಂದು ಗಂಟಲು ಹರಿದುಕೊಳ್ಳುವವರಲ್ಲಿ ನಾನೂ ಒಬ್ಬ. ನನ್ನ ಕಾಲನ್ನು ನಾನೇ ಬಗ್ಗಿ ಮುಟ್ಟಿ ಎಷ್ಟು ಕಾಲವಾಯಿತೋ, ಅದು ಬೇರೆ ಮಾತು.

ನಿವೃತ್ತ ಮೇಷ್ಟ್ರಿಗೆ ಓದಿನ ಚಟ ತಾನೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂದೇ ಒಂದು ಭಾಗವಿದೆ. ಮಲ್ಲರಲ್ಲಿ ಬಗೆಗಳೆಷ್ಟು, ಏನು ಉಣ್ಣಬೇಕು, ಹೇಗೆ ಸಾಮು ಮಾಡಬೇಕು ಎಲ್ಲವೂ ಅಲ್ಲಿ ಬರುತ್ತದೆ. ಅದೇ ಗ್ರಂಥದಲ್ಲಿ ಅಡುಗೆಯ ಭಾಗವೂ ಇದೆ. ನಾನು ಮೊದಲು ಓದಿದ್ದು ಅದನ್ನು. ಆಮೇಲೆ ಮಲ್ಲವಿನೋದವನ್ನೂ ಮುಗಿಸಿ, ಅರ್ಧ ಪೈಲ್ವಾನನಾದ ಹುಮ್ಮಸ್ಸಿನಲ್ಲಿ ಗರಡಿಮನೆಗೆ ನಡೆದೆ.

ಉಸ್ತಾದರು ನನ್ನ ಕಂಕುಳಲ್ಲಿದ್ದ ಪುಸ್ತಕ ನೋಡಿದರು, ಹೊಟ್ಟೆ ನೋಡಿದರು. ‘ಮೊದ್ಲು ಮಟ್ಟಿ ಅಗೀರಿ ಮೇಷ್ಟ್ರೇ’ ಎಂದು ಗುದ್ದಲಿ ಕೊಟ್ಟರು. ಮಟ್ಟಿಯೆಂದರೆ ಸುಮ್ಮನೆ ಮಣ್ಣಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ಕರ್ಪೂರ ಬೆರೆಸಿ, ಬಿದ್ದವನಿಗೆ ಪೆಟ್ಟಾಗದ ಹಾಗೆ ಮೆತ್ತಗೆ ಇಡಬೇಕು. ನಾನು ಬೀಳುವ ಹಂತಕ್ಕೇ ಹೋಗಲಿಲ್ಲ. ನಾಲ್ಕು ಏಟು ಹಾಕುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಇಡೀ ಮಲ್ಲವಿನೋದದಲ್ಲಿ ಆ ಪಟ್ಟು ಬಿಡಿಸಿಕೊಳ್ಳುವ ಉಪಾಯ ನನಗೆ ಸಿಕ್ಕಿಲ್ಲ.

ಹೀಗಾಗಿ ಜಗಲಿ ನನ್ನ ಪಾಲಿಗೆ ಬಂತು. ಕೂತು ನೋಡಿದಾಗ ಗೊತ್ತಾಯಿತು, ಅಲ್ಲಿ ಕೂತವನು ನಾನೊಬ್ಬನೇ ಅಲ್ಲ. ದಂಡ, ಬಸ್ಕಿ ಹೊಡೆದು ಬೆವೆತ ಹುಡುಗರನ್ನೂ ಉಸ್ತಾದರು ಸಾಲಾಗಿ ಕೂರಿಸಿ ಇನ್ನೊಂದು ಜೋಡಿಯ ಕುಸ್ತಿ ನೋಡಿಸುತ್ತಿದ್ದರು. ಚಿತ್ ಆದವನು ಮಣ್ಣು ಕೊಡವಿಕೊಂಡು ಏಳುತ್ತಲೇ ‘ಎಲ್ಲಿ ಸೋತೆ, ಹೇಳ್ಲಾ’ ಎಂಬ ಪ್ರಶ್ನೆ. ‘ಕಾಲು ಜಾರ್ತು’ ಅಂದರೆ ನಡೆಯದು. ಯಾವ ಕಾಲು, ಆಗ ಎದುರಾಳಿಯ ಕೈ ಎಲ್ಲಿತ್ತು, ಅಷ್ಟೂ ಒಪ್ಪಿಸಬೇಕು. ಮಳವಳ್ಳಿ ಕಡೆಯ ಬಡಕಲು ಹುಡುಗನೊಬ್ಬ ಇದರಲ್ಲಿ ಗಟ್ಟಿಗ. ಅವನಿಗಿಂತ ಎರಡು ಪಟ್ಟು ದಪ್ಪನೆಯವನು, ಬಸ್ಕಿಯಲ್ಲಿ ಎಲ್ಲರನ್ನೂ ಮೀರಿಸುವವನು, ಇವನ ಮುಂದೆ ಮತ್ತೆ ಮತ್ತೆ ಮಣ್ಣು ಮುಕ್ಕುತ್ತಿದ್ದ.

‘ಆಲೆಮನೇಲಿ ಪಾಕ ನೋಡೋನು ಕೊಪ್ಪರಿಗೆ ಮುಂದೆ ಸುಮ್ನೆ ನಿಂತಂಗೇ ಕಾಣ್ತಾನೆ. ಅವ್ನ ಕಣ್ಣು ಅತ್ತಿತ್ತ ಆದ್ರೆ ಬೆಲ್ಲ ಕೆಡ್ತದೆ ಕನ್ರೀ’ ಎಂದರು ಉಸ್ತಾದರು. ಗಾಣಕ್ಕೆ ಕಬ್ಬು ಕೊಡುವವನು ಬೇಡವೇ ಎಂದು ಕೇಳಬೇಕೆನಿಸಿತು. ಸೊಂಟ ನೆನಪಾಗಿ ಸುಮ್ಮನಾದೆ.

ಆದರೂ ಅವರ ಮಾತು ನಿಜ ಅನ್ನಿಸುವುದು ವಜ್ರಮುಷ್ಟಿಯನ್ನು ನೆನೆದಾಗ. ಮದ್ದೂರು ದಾಟಿದರೆ ಚನ್ನಪಟ್ಟಣ. ಅಲ್ಲಿಯ ಜಟ್ಟಿಗಳು ವಿಜಯದಶಮಿಯ ದಿನ ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗಕ್ಕೆ ಹೋಗುವುದುಂಟು. ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ತೀರುವ ಆಟದಲ್ಲಿ ಯೋಚಿಸಲು ಪುರುಸೊತ್ತೆಲ್ಲಿ? ಯೋಚನೆಯನ್ನೆಲ್ಲ ಮೊದಲೇ ಮಾಡಿ ಮುಗಿಸಿ, ಮೈಗೆ ಒಪ್ಪಿಸಿಟ್ಟಿರಬೇಕು.

ಯೋಚನೆ, ಮೈಕಟ್ಟು ಎರಡನ್ನೂ ಸಮನಾಗಿ ಪಡೆದ ಪುಣ್ಯವಂತರೂ ಇದ್ದಾರೆ. ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು. ಆ ಕಟ್ಟುಮಸ್ತಾದ ತೋಳಿನಿಂದಲೇ ‘ಶಾಂತಲಾ’, ‘ರೂಪದರ್ಶಿ’ ಬರೆದರು. ನಾನು ಬರೆದದ್ದು ಹಾಜರಿ ಪುಸ್ತಕ. ತೋಳಿನ ವಿಚಾರ ಬೇಡ.

ಈಗ ಶನಿವಾರ ಆಂಜನೇಯನ ಪೂಜೆ ಆದ ಮೇಲೆ ಹುಡುಗರಿಗೆ ಮಲ್ಲವಿನೋದದ ಸಾರ ಹೇಳುವ ಕೆಲಸ ನನ್ನದು. ಮೊನ್ನೆ ಊಟದ ಪ್ರಸಂಗ ಬಂತು. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಎಂದೆ. ಉಸ್ತಾದರು ಕಿವಿಗೊಟ್ಟು ಕೇಳಿ, ‘ಮುದ್ದೆ?’ ಎಂದರು.

‘ನನ್ನ ಕಣ್ಣಿಗೆ ಬಿದ್ದಿಲ್ಲ ಉಸ್ತಾದ್ರೇ.’

‘ಅಂಗಾರೆ ನಿಮ್ ಮಾರಾಜ ಈ ಕಡೀಕ್ ಬಂದೇ ಇಲ್ಲ ಬುಡಿ’ ಎಂದು ಹುಡುಗರನ್ನು ಮಟ್ಟಿಗೆ ಇಳಿಸಿದರು.