ಸೈಟಿನ ಮೇಲಿನ ಮನೆ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಮಾರುವುದೆಂದರೆ ಬಹುಪಾಲು ಸೈಟು ಮಾರುವುದು. 1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಿರಲಿ, 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರವಿರಲಿ, ಅಲ್ಲಿನ ಹಳೆಯ ಮನೆಗೆ ಬೆಲೆ ಕಟ್ಟುವಾಗ ಬ್ರೋಕರ್ ಚದರಡಿಗೆ ಇಷ್ಟು ಎಂದು ನೆಲವನ್ನಷ್ಟೇ ಗುಣಿಸುತ್ತಾನೆ. ಕಟ್ಟಡದ ಮಾತೆತ್ತಿದರೆ 'ಅದು ಹಳೇದು ಸಾರ್, ಲೆಕ್ಕಕ್ಕಿಲ್ಲ' ಎನ್ನುತ್ತಾನೆ. ಇನ್ನೂ ಒತ್ತಾಯಿಸಿದರೆ ಕೆಡವುವ ಖರ್ಚನ್ನು ಕಳೆಯಲು ಶುರುಮಾಡುತ್ತಾನೆ. ತೇಗದ ಬಾಗಿಲು, ಕಿಟಕಿಯ ಸರಳು, ಮದ್ರಾಸ್ ತಾರಸಿಯ ತೊಲೆ ಇವೆಲ್ಲ ಮುಂದೆ ಕೆಡವುವ ಗುತ್ತಿಗೆದಾರನ ಆದಾಯ. ಅಂಗಾಲಿಗೆ ತಣ್ಣಗೆ ತಾಗುವ ರೆಡ್ ಆಕ್ಸೈಡ್ ನೆಲ ಯಾರ ಆದಾಯವೂ ಅಲ್ಲ.

ಇಷ್ಟೆಲ್ಲ ತಿಳಿದೂ ಕುಟುಂಬ ಮೊದಲು ಕೈಹಾಕುವುದು ಬಣ್ಣಕ್ಕೆ. ವರ್ಷಗಟ್ಟಲೆ ಸೋರುತ್ತಿದ್ದ ಬಚ್ಚಲ ನಲ್ಲಿಗೆ ಮಾರುವ ತಿಂಗಳಲ್ಲಿ ಹೊಸ ವಾಷರ್ ಬೀಳುತ್ತದೆ. ವಾಸವಿದ್ದವರಿಗೆ ಸಿಗದ ಸೌಕರ್ಯ ಕೆಡವುವವರಿಗೆ ಸಿಗುತ್ತದೆ. ಹಾಲಿನ ಗೋಡೆಯಲ್ಲಿ ಕ್ಯಾಲೆಂಡರಿನ ಮೊಳೆಗಳಿರುತ್ತವೆ. ಹಳೆಯದು ಸಡಿಲವಾದರೆ ಅದನ್ನು ಹಾಗೇ ಬಿಟ್ಟು ಎರಡು ಬೆರಳು ಆಚೆಗೆ ಹೊಸದು ಬಡಿಯುವುದು ವಾಡಿಕೆಯಾದ್ದರಿಂದ, ಒಂದು ಸಾಲೇ ಬಲಗಡೆಗೆ ಸರಿಯುತ್ತ ಹೋಗಿರುತ್ತದೆ. ಬಣ್ಣದವನು ಮೊಳೆ ಕೀಳುವುದಿಲ್ಲ. ಮೊಳೆಗೂ ಸೇರಿಸಿ ಎರಡು ಕೋಟ್ ಹೊಡೆಯುತ್ತಾನೆ. ಇದೆಲ್ಲ ದಂಡ ಎಂದು ಅಣ್ಣ ಗೊಣಗುತ್ತಾನೆ. 'ನೋಡೋರ ಕಣ್ಣಿಗೆ ಲಕ್ಷಣವಾಗಿ ಕಾಣಬೇಕು ಕಣೋ' ಎಂದು ಅಕ್ಕ ಪಟ್ಟು ಹಿಡಿಯುತ್ತಾಳೆ. ಅಕ್ಕನ ಪ್ರಕಾರ ನೋಡೋರು ಎಂದರೆ ಕೊಳ್ಳುವವರಲ್ಲ, ಎದುರುಮನೆಯವರು.

ಬಣ್ಣದ ನಂತರದ್ದು ಖಾಲಿ ಮಾಡುವ ಕೆಲಸ. ನ್ಯಾಯವಾಗಿ ಇದು ಬಣ್ಣಕ್ಕಿಂತ ಮೊದಲು ಆಗಬೇಕು, ಆಗುವುದಿಲ್ಲ. ಅಟ್ಟದಿಂದ ಇಳಿಯುವ ಸಾಮಾನು ಯಾರಿಗೂ ಬೇಡ, ಬಿಟ್ಟುಕೊಡುವವರೂ ಇಲ್ಲ. ಬಚ್ಚಲೊಲೆಯ ಮೇಲಿದ್ದ ತಾಮ್ರದ ಹಂಡೆಯನ್ನೇ ನೋಡಬಹುದು. ಗೀಸರ್ ಬಂದ ಮೇಲೆ ಹಂಡೆ ಅಟ್ಟ ಸೇರಿ, ಹಂಡೆಯೊಳಗೆ ಹಳೆಯ 'ಸುಧಾ', 'ಕಸ್ತೂರಿ'ಗಳು ಸೇರಿ, ಅವುಗಳೊಳಗೆ ಬೆಳ್ಳಿಮೀನು ಹುಳ ಸೇರಿರುತ್ತದೆ. ಗುಜರಿಯವನು ಕಿಲೋಗೆ ಇಷ್ಟು ಎಂದು ಹೇಳುವ ತನಕ ಅದು ಬರೀ ಹಂಡೆ. ಹೇಳಿದ ಮೇಲೆ ಅಜ್ಜಿಯ ಹಂಡೆ. ಕೂಡಲೇ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಹೋಗುತ್ತದೆ. ನ್ಯೂಜೆರ್ಸಿಯ ಸೊಸೆ ಅದರಲ್ಲಿ ಗಿಡ ಬೆಳೆಸಬಹುದು ಎನ್ನುತ್ತಾಳೆ. ಹಡಗಿನ ಖರ್ಚು ತಿಳಿದ ಮೇಲೆ, ಇಲ್ಲೇ ಯಾರಾದರೂ ಸದ್ಯಕ್ಕೆ ಇಟ್ಟುಕೊಂಡಿರಲಿ ಎಂದು ತೀರ್ಮಾನವಾಗುತ್ತದೆ. ಹಾಗೆ ಸದ್ಯಕ್ಕೆ ಇಟ್ಟುಕೊಳ್ಳುವವಳು ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿರುವ ಕೊನೆಯ ತಂಗಿ.

ಒರಳುಕಲ್ಲಿನ ಕಥೆ ಬೇರೆ. ಒರಳನ್ನು ನೆಲದಲ್ಲಿ ಹೂತು ಸುತ್ತ ಗಾರೆ ಹಾಕಿರುತ್ತಾರೆ, ಅದು ಅಲ್ಲಾಡುವುದಿಲ್ಲ. ಗುಂಡನ್ನು ಎಂದೋ ಯಾರೋ ಬಾಗಿಲಿಗೆ ಅಡ್ಡ ಇಡಲು ಒಯ್ದಿರುತ್ತಾರೆ. ಹೀಗಾಗಿ ಒರಳು ಸೈಟಿನ ಜೊತೆಯಲ್ಲೇ ಕ್ರಯವಾಗುತ್ತದೆ. ಬೀರುವಿನ ಒಳಲಾಕರಿನ ಕೀಲಿಕೈ ಸಿಗದಿರುವುದೂ ಎಲ್ಲ ಮನೆಗಳಲ್ಲಿ ಕಂಡುಬರುವ ಲಕ್ಷಣ. ಬೀಗ ತೆಗೆಯುವವನು ಬರುವ ದಿನ ಮಾತ್ರ ಮಕ್ಕಳೆಲ್ಲ ತಪ್ಪದೆ ಹಾಜರಿರುತ್ತಾರೆ; ವಿಡಿಯೊ ಕಾಲಿನಲ್ಲಿ ಅಮೆರಿಕವೂ ನಿದ್ದೆಗೆಟ್ಟು ಕೂತಿರುತ್ತದೆ. ಒಳಗೆ ಸಿಗುವುದು ಅವಧಿ ಮುಗಿದ ಎಲ್ಐಸಿ ಪಾಲಿಸಿ, ನಿಂತುಹೋದ ಎಚ್ಎಂಟಿ ಗಡಿಯಾರ, ಮಕ್ಕಳ ಜಾತಕ, ಮತ್ತು ಈಗ ಮನೆಯಲ್ಲೆಲ್ಲೂ ಇಲ್ಲದ ಬೀಗಗಳ ಕೀಲಿಕೈ ಗೊಂಚಲು.

ದೇವರಮನೆ ಎಲ್ಲಕ್ಕಿಂತ ಕಷ್ಟ. ಮದುವೆಯಲ್ಲಿ ಬಂದ ಪಟ್ಟದ ಗೊಂಬೆಗಳನ್ನು ಎಸೆಯುವಂತಿಲ್ಲ, ನವರಾತ್ರಿಗೆ ಕೂರಿಸುವವರಿಗೇ ಕೊಡಬೇಕು. ಕೂರಿಸುವವರ ಮನೆಯಲ್ಲಿ ಆಗಲೇ ಒಂದು ಜೊತೆ ಇರುತ್ತದೆ. ಸಾಲಿಗ್ರಾಮವಿದ್ದರೆ ಅದಕ್ಕೆ ನಿತ್ಯಪೂಜೆ ಆಗಬೇಕು. ಸೈಟಿನಲ್ಲಿ ಅಂಗುಲದ ಲೆಕ್ಕ ಕೇಳುವ ನಾಲ್ವರು ಮಕ್ಕಳಲ್ಲಿ ಸಾಲಿಗ್ರಾಮದಲ್ಲಿ ಪಾಲು ಕೇಳುವವರು ಒಬ್ಬರೂ ಇರುವುದಿಲ್ಲ. ಒಬ್ಬೊಬ್ಬರೂ ಅದನ್ನು ಭಕ್ತಿಯಿಂದ ಇನ್ನೊಬ್ಬರಿಗೆ ಬಿಟ್ಟುಕೊಟ್ಟು, ಕಡೆಗೆ ಮಠಕ್ಕೆ ಒಪ್ಪಿಸಿ ಬರುತ್ತಾರೆ.

ಇಷ್ಟೂ ಶ್ರಮವನ್ನು ಕೊಳ್ಳುವವರ ವಕೀಲರು ಗಮನಿಸುವುದಿಲ್ಲ. ಅವರು ಮನೆಗೆ ಬರುವುದೇ ಇಲ್ಲ. ಅವರಿಗೆ ಬೇಕಾದದ್ದು ಫೈಲು. ಮಾರಾಟಕ್ಕೆ ಅಣಿಯಾಗಬೇಕಾದದ್ದು ನಿಜಕ್ಕೂ ಗೋಡೆಯಲ್ಲ, ಕಾಗದ ಮತ್ತು ವಾರಸುದಾರರು. 1945ರಲ್ಲಿ ಹುಟ್ಟಿದ ಸಿಐಟಿಬಿಯೋ, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎಯೋ ಹಂಚಿದ ಸೈಟಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಲೀಸ್-ಕಮ್-ಸೇಲ್ ಕರಾರು, ಅದರ ಅವಧಿ ಮುಗಿದ ಮೇಲೆ ಬರೆಸಿಕೊಂಡ ಶುದ್ಧ ಕ್ರಯಪತ್ರ, ಇಷ್ಟೂ ಸರಪಣಿಯಂತೆ ಸಿಗಬೇಕು. ಒಂದು ಕೊಂಡಿ ಸಿಗುವುದಿಲ್ಲ. ತಂದೆ ಅದನ್ನು ಬಹಳ ಜೋಪಾನವಾಗಿ ಇಟ್ಟಿರುತ್ತಾರೆ, ಎಲ್ಲಿ ಎಂಬುದು ಅವರೊಬ್ಬರಿಗೇ ಗೊತ್ತಿರುತ್ತದೆ. ಋಣಭಾರ ಪತ್ರ, ಅಂದರೆ ಎಲ್ಲರ ಬಾಯಲ್ಲಿ ಇ.ಸಿ., 2004ರ ಏಪ್ರಿಲ್‌ನಿಂದ ಈಚಿನದಾದರೆ ಕುಳಿತಲ್ಲೇ ಬರುತ್ತದೆ. ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು. 2024ರಿಂದ ಇ-ಖಾತಾ ಇಲ್ಲದೆ ನೋಂದಣಿಯಿಲ್ಲ. ಇ-ಖಾತಾ ಆಧಾರ್ ಕೇಳುತ್ತದೆ. ಖಾತೆಯಲ್ಲಿರುವ ತಂದೆ ಆಧಾರ್ ಬರುವ ಮೊದಲೇ ತೀರಿಕೊಂಡಿರುತ್ತಾರೆ.

ಹೆಸರಿನ ತೊಡಕು ಪ್ರತ್ಯೇಕ ಅಧ್ಯಾಯಕ್ಕೆ ಯೋಗ್ಯ. ಹಂಚಿಕೆ ಪತ್ರದಲ್ಲಿ ವೆಂಕಟರಾಮಯ್ಯ, ಕಂದಾಯ ರಸೀದಿಯಲ್ಲಿ ವೆಂಕಟರಾಮು, ಮರಣ ಪ್ರಮಾಣಪತ್ರದಲ್ಲಿ ಊರಿನ ಇನಿಷಿಯಲ್ ಕಳೆದುಕೊಂಡ ವೆಂಕಟರಾಂ. ಮೂವರೂ ಒಬ್ಬರೇ ಎಂದು ಛಾಪಾಕಾಗದದ ಮೇಲೆ ಅಫಿಡವಿಟ್ ಮಾಡಿಸಬೇಕು. ಬದುಕಿದ್ದಾಗ ಒಂದೇ ಮಾತಿನ ಮನುಷ್ಯರೆಂದು ಹೆಸರಾಗಿದ್ದವರನ್ನು ಒಬ್ಬರೇ ಮನುಷ್ಯರೆಂದು ಸಾಬೀತುಮಾಡಲು ನೋಟರಿ ಬೇಕಾಗುತ್ತದೆ.

ಆಮೇಲೆ ವಂಶವೃಕ್ಷ. ತಂದೆ ಸ್ವಂತ ಸಂಪಾದನೆಯಿಂದ ಮಾಡಿದ ಮನೆಯಾಗಿದ್ದು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಹೆಂಡತಿಗೂ ಗಂಡು-ಹೆಣ್ಣು ಮಕ್ಕಳಿಗೂ ಸಮಪಾಲು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಇದು 1956ರಿಂದಲೇ ಇದೆ. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಅದಕ್ಕೆ ತಂದೆ 2005ರಲ್ಲಿ ಬದುಕಿರಬೇಕಾದ್ದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಕುಟುಂಬಗಳಲ್ಲಿ ಚಾಲ್ತಿಯಲ್ಲಿದ್ದ ಕಾಯ್ದೆ ಮಾತ್ರ ಬೇರೆ: ಅಕ್ಕತಂಗಿಯರಿಗೆ ಅರಿಶಿನ-ಕುಂಕುಮ, ಒಂದು ಸೀರೆ, ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಸಹಿ. ಈಗ ಬಿಡುಗಡೆ ಪತ್ರದ ಕರಡು ಅಕ್ಕನಿಗಿಂತ ಮೊದಲು ಅಕ್ಕನ ಮಗಳ ಕೈಗೆ ಹೋಗುತ್ತದೆ. ಅವಳು ಸಾಫ್ಟ್‌ವೇರ್ ಕಂಪನಿಯಲ್ಲಿದ್ದರೂ ಆ ವಾರದ ಮಟ್ಟಿಗೆ ವಕೀಲೆಯೇ. ಸೀರೆಯನ್ನು ಅಕ್ಕ ಬೇಡವೆನ್ನುವುದಿಲ್ಲ. ಸೀರೆ ಸೀರೆಯೇ, ಪಾಲು ಪಾಲೇ.

ಹೊರದೇಶದ ಮಗ ಬರಲಾಗದಿದ್ದರೆ ಪವರ್ ಆಫ್ ಅಟಾರ್ನಿ ಕಳಿಸಬೇಕು. ಅದಕ್ಕೆ ಅಲ್ಲಿಯ ಭಾರತೀಯ ಕಾನ್ಸುಲೇಟಿನ ದೃಢೀಕರಣವೋ ನೋಟರಿ ಮತ್ತು ಅಪೊಸ್ಟಿಲ್ಲೋ ಆಗಬೇಕು. ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಅಣ್ಣನ ಹೆಸರಿಗೆ ಪವರ್ ಬರೆಯುವಾಗ ತಮ್ಮ ಎಷ್ಟು ಪವರ್ ಕೊಡುತ್ತಾನೆ ಎಂಬುದರಲ್ಲಿ ಮನೆತನದ ಇತಿಹಾಸವೆಲ್ಲ ಇರುತ್ತದೆ. ಸಹಿ ಹಾಕಬಹುದು, ನೋಂದಣಿಗೆ ಹಾಜರಾಗಬಹುದು, ಹಣ ಮಾತ್ರ ನೇರ ತನ್ನ ಖಾತೆಗೇ ಬರತಕ್ಕದ್ದು.

ಈ ನಡುವೆ ವಕೀಲರು ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡುತ್ತಾರೆ: ತಕರಾರಿದ್ದವರು ಇಷ್ಟು ದಿನದೊಳಗೆ ತಿಳಿಸತಕ್ಕದ್ದು. ತಕರಾರು ಬರುವುದು ಅಪರೂಪ. ಆದರೆ ಅಂದು ಬೆಳಿಗ್ಗೆ ಹಾಸನದ ಚಿಕ್ಕಪ್ಪನ ಫೋನು ಬರುತ್ತದೆ: 'ಒಂದು ಮಾತು ಹೇಳಲಿಲ್ಲವಲ್ಲೋ, ಪೇಪರ್ ನೋಡಿ ತಿಳೀಬೇಕಾಯ್ತು.' ಚಿಕ್ಕಪ್ಪನಿಗೆ ಪಾಲಿಲ್ಲ, ಪಾಲು ಬೇಕಾಗಿಯೂ ಇಲ್ಲ. ಈ ತಕರಾರನ್ನು ಯಾವ ವಕೀಲರೂ ಇತ್ಯರ್ಥಪಡಿಸಲಾರರು.

ಕೊಳ್ಳಲು ಬರುವವರಿಗೆ 'ಪಾರ್ಟಿ' ಎಂದು ಹೆಸರು. ಪಾರ್ಟಿ ಹೊಸ ಬಣ್ಣದ ಹಾಲನ್ನು ನೇರ ದಾಟಿ ಹಿತ್ತಲಿಗೆ ಹೋಗಿ, ಟೇಪು ಹಿಡಿದು, ಮೂವತ್ತು-ನಲವತ್ತು ಸರಿಯಾಗಿದೆಯೇ ನೋಡುತ್ತದೆ. ಕೂಡಲೇ ಈಶಾನ್ಯ ಯಾವ ಕಡೆ ಎಂದು ಕೇಳುತ್ತದೆ. ಮೂರು ತಿಂಗಳಲ್ಲಿ ಇಲ್ಲದಂತಾಗುವ ಅಡುಗೆಮನೆ ಆಗ್ನೇಯದಲ್ಲಿಲ್ಲವೆಂದು ಬೆಲೆಯಲ್ಲಿ ಚೌಕಾಸಿಯೂ ನಡೆಯುತ್ತದೆ.

ನೋಂದಣಿಗೆ ಆಷಾಢ, ಪಿತೃಪಕ್ಷ ಕಳೆಯಬೇಕು. ಕಾವೇರಿ 2.0 ತಂತ್ರಾಂಶದಲ್ಲಿ ಮೊದಲೇ ಸಮಯ ಕಾದಿರಿಸಬೇಕು. ಆ ತಂತ್ರಾಂಶಕ್ಕೆ ಪಂಚಾಂಗ ತಿಳಿಯದು. ಶುಕ್ರವಾರ ಹನ್ನೊಂದಕ್ಕೆ ಸಮಯ ಸಿಕ್ಕಿತೆಂದರೆ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಇದಕ್ಕೆ ಪರಿಹಾರ ರೂಢಿಯಲ್ಲಿದೆ: ಹತ್ತೂಕಾಲಕ್ಕೇ ಹೋಗಿ ಒಂದು ಹಾಳೆಗೆ ಸಹಿ ಹಾಕಿ 'ಶುರುವಾಯ್ತು' ಎಂದುಕೊಳ್ಳುವುದು. ಉಳಿದದ್ದನ್ನು ಸರ್ವರ್ ಡೌನ್ ನೋಡಿಕೊಳ್ಳುತ್ತದೆ; ಹೆಬ್ಬೆಟ್ಟಿನ ಗುರುತು, ಫೋಟೊ ಆಗುವಷ್ಟರಲ್ಲಿ ಎಂಥ ರಾಹುವೂ ಸರಿದಿರುತ್ತಾನೆ.

ಕಟ್ಟಡಕ್ಕೂ ಬೆಲೆಯುಂಟು ಎಂದು ಕುಟುಂಬಕ್ಕೆ ಮೊದಲ ಸಲ ಗೊತ್ತಾಗುವುದು ಇಲ್ಲೇ. ಪಾರ್ಟಿ ಸೊನ್ನೆ ಹಾಕಿದ ಕಟ್ಟಡಕ್ಕೆ ಸರ್ಕಾರ ಮಾರ್ಗಸೂಚಿಯ ಪ್ರಕಾರ, ವಯಸ್ಸಿನ ಸವಕಲು ಕಳೆದು, ಚದರಡಿ ಲೆಕ್ಕದಲ್ಲಿ ಬೆಲೆ ಹಾಕಿ ಶುಲ್ಕ ವಸೂಲು ಮಾಡುತ್ತದೆ. ಶುಲ್ಕ ಕಟ್ಟುವುದು ಪಾರ್ಟಿ ಎನ್ನುವುದು ಮಾರುವವರಿಗೆ ಒಂದು ಸಣ್ಣ ಸಮಾಧಾನ. ಬೆಲೆ 50 ಲಕ್ಷ ಮುಟ್ಟಿದರೆ ಪಾರ್ಟಿ ಶೇ. 1ರಷ್ಟು ತೆರಿಗೆ ಹಿಡಿದುಕೊಂಡೇ ಹಣ ಕೊಡುತ್ತದೆ. ಅನಿವಾಸಿ ಮಗನ ಪಾಲಿನಲ್ಲಿ ಹಿಡಿತ ಇನ್ನೂ ಜಾಸ್ತಿ, ಅವನ ವಾಟ್ಸ್ಆ್ಯಪ್ ಸಂದೇಶಗಳೂ ಅಷ್ಟೇ ಉದ್ದ.

ಕೊನೆಗೆ ಲಾಭದ ಮೇಲಿನ ತೆರಿಗೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಆಸ್ತಿಯಾದರೆ ಅಂದಿನ ಮಾರುಕಟ್ಟೆ ಬೆಲೆಯನ್ನೇ ಅಸಲೆಂದು ತೋರಿಸಬಹುದು. ನೋಂದಾಯಿತ ಮೌಲ್ಯಮಾಪಕರು ಅದರ ವರದಿ ಬರೆದುಕೊಡುತ್ತಾರೆ. ತೇಗ, ತಾರಸಿ, ನೆಲ ಎಲ್ಲವನ್ನೂ ಗೌರವದಿಂದ ನಮೂದಿಸುವ ಏಕೈಕ ದಾಖಲೆ ಇದು. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಮೂರು ವರ್ಷದೊಳಗೆ ಕಟ್ಟಿಸಿದರೆ ತೆರಿಗೆಯಲ್ಲಿ ವಿನಾಯಿತಿಯುಂಟು. ಆರು ತಿಂಗಳೊಳಗೆ 50 ಲಕ್ಷದವರೆಗೆ ನಿಗದಿತ ಬಾಂಡುಗಳಲ್ಲಿ ತೊಡಗಿಸಿದರೂ ಆದೀತು. ಅಣ್ಣ, ಅಕ್ಕ ಬಾಂಡು ಕೊಳ್ಳುತ್ತಾರೆ. ಹಂಡೆ ಇಟ್ಟುಕೊಂಡ ತಂಗಿ ಮೂರು ಬೆಡ್‌ರೂಮಿನದೊಂದು ಹುಡುಕುತ್ತಿರುತ್ತಾಳೆ.